ಬೂಷ್ಟು ಬ್ಯಾರನ್ನನ ಹಲ್ಲು

“ಈ ಹಲ್ಲು ಹಾಕ್ಕೊಂಡ ಮೇಲೆ ಈ ಚೀಟಿಲಿರೋ ಕೊನೇ ಮಾತನ್ನ ಪೂರ್ತಿ ಹೇಳೇ ತೆಗೀಬೇಕು, ಮರೀಬೇಡಪ್ಪ,” ಎಂದಳು ಲುದ್ಮಿಲಾ ಅಜ್ಜಿ. “ಇಲ್ದಿದ್ರೆ ಅದು ಬಿಡಲ್ಲ.”

ಗ್ಯಾರೆಟ್ ಕಿಸಕ್ಕನೆ ನಕ್ಕ. ಕೊಲಂಬಸ್ ನಗರದಿಂದ ಬಂದವನು, ರೇಡಿಯೋ ಜಾಹೀರಾತಿಗೆ ದನಿ ಕೊಡುವುದೇ ಅವನ ಹೊಟ್ಟೆಪಾಡು. ಯಂಗ್ಸ್‌ಟೌನಿನ ಚರ್ಚಿನ ನೆಲಮಾಳಿಗೆಯಲ್ಲಿ ಆ ಮಧ್ಯಾಹ್ನ ಅರವತ್ತು ದಾಟಿದ ‘ಮಕ್ಕಳು’ ಕೂಡಿದ್ದರು. ಅವರು ಚಿಕ್ಕವರಿದ್ದಾಗ ಅಜ್ಜಿಯ ಗಂಡ ಎಮಿಲ್ ಊರಿನ ಟೀವಿಯಲ್ಲಿ ಸಂಜೆ ಹವಾಮಾನ ಹೇಳುತ್ತಿದ್ದ. ಶನಿವಾರ ನಡುರಾತ್ರಿ ಅದೇ ಮನುಷ್ಯ ಶವಪೆಟ್ಟಿಗೆಯಿಂದ ಎದ್ದು, ಬೂಷ್ಟು ಬ್ಯಾರನ್ ಎಂಬ ರಕ್ತಪಿಶಾಚಿಯಾಗಿ ದೆವ್ವದ ಸಿನಿಮಾ ತೋರಿಸುತ್ತಿದ್ದ. ಇವತ್ತು ಅವನ ನೆನಪಿನ ಸಭೆಯಲ್ಲಿ ಆ ವೇಷ ಗ್ಯಾರೆಟ್‌ನದು.

“ಇದರ ಕೋರೆ ಎರಡೂ ನಮ್ಮತ್ತೇವು. ಉದುರಿದ ಸ್ವಂತ ಹಲ್ಲಿಗೆ ತಾನು ಬಿಟ್ಟುಬಂದ ಹಳೇ ದೇಶದ ಮಾಟ ಹಾಕಿ ಮಗನಿಗೆ ಕೊಟ್ಟಿದ್ಲು. ಮಕ್ಕಳನ್ನ ಹೆದರಿಸ್ದೋನು ಮಲಗಿಸ್ಲೂಬೇಕು ಅನ್ನೋಳು,” ಎಂದಳು ಅಜ್ಜಿ.

“ಸತ್ತ ಮುದುಕಿ ಹಲ್ಲಾ? ಥೂ! ಬ್ರಶ್ಶಾದ್ರೂ ಮಾಡಿದ್ರಾ ಅಜ್ಜಿ?” ಗ್ಯಾರೆಟ್ ಬಾಯಲ್ಲಿದ್ದ ಚೂಯಿಂಗ್ ಗಮ್ಮನ್ನು ಅದೇ ಚೀಟಿಗೆ ಉಗಿದು, ಮುದುರಿ, ಕಸದ ಡಬ್ಬಿಗೆ ಎಸೆದ. ಗಂಡ ಸತ್ತವಳ ಮುಂದೆ ಮಾಡುವ ಕೆಲಸವೇ ಅದು!

ಹಲ್ಲು ಹಾಕಿಕೊಂಡು ವೇದಿಕೆ ಏರಿ, “ಎದ್ದಿದ್ದೀರಾ, ಮಕ್ಕಳಾ?” ಎಂದು ಗೊಗ್ಗರು ದನಿಯಲ್ಲಿ ಕೂಗಿದ. ಸಭೆ ಸೀಟಿ ಹೊಡೆಯಿತು. ಕೆಲವರ ಕಣ್ಣಲ್ಲಿ ನೀರೇ ಬಂತು.

ಸ್ವಲ್ಪ ಹೊತ್ತಿಗೆ ಬಾಯಲ್ಲೊಂದು ರುಚಿ ಒಸರತೊಡಗಿತು. ಹುಳಿ ಬಂದ ಎಲೆಕೋಸು, ಚುಟ್ಟಾ, ಕೊಳೆತ ವಸಡು. ನುಂಗಿದ. ಮತ್ತೆ ಒಸರಿತು. ಹಲ್ಲು ತೆಗೆಯಲು ಬೆರಳು ಹಾಕಿದರೆ ಅದರ ಬುಡ ಬೆಚ್ಚಗಿತ್ತು. ಮೆತ್ತಗಿತ್ತು. ಅವನ ವಸಡಿಗೆ ಬೇರು ಇಳಿಸಿತ್ತು. ಎಳೆದ. ಅವನದೇ ಹಲ್ಲೊಂದು ಕಿತ್ತು ಬಂತು. ಗದ್ದದ ಮೇಲೆ ಹಳದಿ ಜೊಲ್ಲು ಇಳಿಯಿತು. ಸಭೆ ಚಪ್ಪಾಳೆ ತಟ್ಟಿತು.

“ಕೊನೇ ಮಾತು!” ಎಂದು ತೊದಲಿದ. “ಸಿನಿಮಾ ಮುಗಿದ ಮೇಲೆ ಬ್ಯಾರನ್ ಏನು ಹೇಳ್ತಿದ್ದ? ಯಾರಾದ್ರೂ ಹೇಳ್ರೋ!”

“ಅಷ್ಟೊತ್ತಿಗೆ ನಾನು ಸೋಫಾ ಮೇಲೆ ನಿದ್ದೆ ಹೋಗಿರ್ತಿದ್ದೆ ಕಣೋ,” ಎಂದ ಮುಂದಿನ ಸಾಲಿನ ಬೋಳುತಲೆಯವನು.

“ನಾನೂ.”

“ನಾನೂನೂ.”

ಬ್ಯಾರನ್ ಬ್ಯಾರನ್ ಎಂದು ಕಣ್ಣೀರಿಟ್ಟವರಲ್ಲಿ ಒಬ್ಬರೂ ಒಂದು ದಿನವೂ ಕೊನೆತನಕ ಎದ್ದಿರಲಿಲ್ಲ. “ಆಗ ನಂಗೆ ಬೆಳಿಗ್ಗೆ ನಾಕಕ್ಕೇ ಬೇಕರಿ ಕೆಲಸ, ಬೇಗ ಮಲಗ್ತಿದ್ದೆ,” ಎಂದಳು ಅಜ್ಜಿ. “ಚೀಟೀನೂ ಬಿಚ್ಚಿ ನೋಡಿಲ್ಲ.”

ಗ್ಯಾರೆಟ್ ಕಸದ ಡಬ್ಬಿಗೆ ಮುಗಿಬಿದ್ದ. ಹಿಂಡಿದ ಕೋಸು. ಸಾಸೇಜಿನ ಜಿಡ್ಡು. ಯಾರೋ ಉಗಿದ ಕಫ. ಮೊಣಕೈತನಕ ಕೆದಕಿದ. ಚೀಟಿ ಸಿಕ್ಕಿತು. ಅರ್ಧ ಗಮ್ಮಿನೊಳಗೆ. ಎಳೆದ. ಹರಿಯಿತು. ಕೈಗೆ ಬಂದಷ್ಟನ್ನೇ ಓದಿದ:

“ಮಲಗಿ ಮಕ್ಕಳಾ, ನಿಮ್ಮ ಬದಲು ನಾನು ಎಚ್ಚರ ಇರ್ತೀನಿ…”

ಹಲ್ಲು ಕಳಚಿ ಬಿತ್ತು, ಅವನ ಇನ್ನೂ ಮೂರು ಹಲ್ಲಿನ ಸಮೇತ. ಸಿಟ್ಟಿಗೆ ಆ ಮಾಟದ ಹಲ್ಲನ್ನು ಬೂಟಿನಡಿ ಹಾಕಿ ಪುಡಿ ಮಾಡಿದ. ತಿರುಗಿದರೆ ಇಡೀ ಸಭೆ, ಅಜ್ಜಿಯೂ ಸೇರಿ, ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿತ್ತು.

ನಾಲ್ಕನೇ ದಿನ ಗ್ಯಾರೆಟ್ ಅಜ್ಜಿಯ ಅಡುಗೆಮನೆಗೆ ಬಂದು ಕುಸಿದ. ಅಂದಿನಿಂದ ಒಂದು ಗಳಿಗೆಯೂ ರೆಪ್ಪೆ ಅಂಟಿಲ್ಲ. ಬಾಯಿಯ ರುಚಿಯೂ ಹೋಗಿಲ್ಲ. ಬಟ್ಟಲಿಗೆ ಉಗಿಯುತ್ತಲೇ ಇದ್ದ. ಅಂದು ಎಚ್ಚರವಾದ ಮೇಲೆ ತಾನು ಎತ್ತಿಟ್ಟಿದ್ದ ಗಮ್ಮನ್ನು ಅಜ್ಜಿ ಬಿಸಿನೀರಲ್ಲಿ ನೆನೆಸಿ, ಹೇರ್‌ಪಿನ್ನಿನಿಂದ ಬಿಡಿಸಿ, ಉಳಿದ ತುಂಡು ಓದಿದಳು.

“‘…ಬೆಳಗಾಗೋ ತನಕ ಮಾತ್ರ.’ ಅಯ್ಯೋ, ಇಷ್ಟೇನಾ! ಎಲ್ಲಪ್ಪಾ ಆ ಹಲ್ಲು? ಹಾಕ್ಕೊಂಡು ಇದನ್ನೂ ಹೇಳ್ಬಿಡು, ಮುಗೀತು.”

ಗ್ಯಾರೆಟ್ ತನ್ನ ಬೂಟು ನೋಡಿಕೊಂಡ.