ಚಕ್ಕರ್ ಬ್ಯಾಂಡಿನ ಹನ್ನೊಂದು ನಿಮಿಷ

"ಏನ್ರೀ, ಇದು ಹಾಡೋ, ಇಲ್ಲಾ ಗಿರಣಿ ಚಾಲೂ ಮಾಡೀರೋ? ಮುಗಸ್ರಿ ಇನ್ನ!"

ವೇದಿಕೆಯ ಪಕ್ಕದಿಂದ ಕೂಗಿದಳು ವಿಜಯಶ್ರೀ. ಗಿಟಾರ್ ಹಿಡಿದವನು ಕಣ್ಣು ಕೂಡ ತೆರೆಯಲಿಲ್ಲ!

ಅದು 1997. ಬಸವಕಲ್ಯಾಣದ ಕಾಲೇಜಿನ ವಾರ್ಷಿಕೋತ್ಸವ. ಮುಂದಿನ ಸರದಿ ಅವಳ ವಚನಗಾಯನದ್ದು. ಬಟ್ಟೆ ಅಂಗಡಿಯ ವೈಜನಾಥಪ್ಪನವರ ಮಗಳು ಹಾಡುತ್ತಾಳೆಂದರೆ ಅರ್ಧ ಊರೇ ಬಂದು ಕೂರುತ್ತಿತ್ತು. ಆದರೆ ಹುಮನಾಬಾದಿನಿಂದ ಬಂದಿದ್ದ ಈ ಮೂವರು ಇಪ್ಪತ್ತೈದು ನಿಮಿಷದಿಂದ ಒಂದೇ ಹಾಡು ನುಡಿಸುತ್ತಿದ್ದರು!

ಬಲ್ಬುಗಳಿಗೆ ನೇರಳೆ, ಹಸಿರು ಕಾಗದ ಸುತ್ತಿದ್ದರು. ಗಿಟಾರಿನ ದನಿ ಎಕೋ ಯಂತ್ರದಲ್ಲಿ ಸುತ್ತಿ ಸುತ್ತಿ, ಆಳದ ಬಾವಿಯಿಂದ ಬಂದಂತೆ ಕೇಳುತ್ತಿತ್ತು. ಕೆಲವರು ಎದ್ದು ಹೋಗಿದ್ದರು. ಉಳಿದವರು ಬಾಯಿ ತೆರೆದು ಕೂತಿದ್ದರು.

ಅವಳ ತಾಳ್ಮೆ ಮುಗಿಯಿತು. ನೇರ ಹೋಗಿ ಮೈಕ್ ಹಿಡಿದಳು. ಅವರ ಸದ್ದು ಮುಚ್ಚಿಹೋಗಲೆಂದೇ ಎತ್ತರದ ಸ್ವರದಲ್ಲಿ ಆಲಾಪ ಶುರು ಮಾಡಿದಳು.

ಗಿಟಾರಿನವನು ಆಗ ಕಣ್ಣು ತೆರೆದ. ಆದರೆ ನಿಲ್ಲಿಸಲಿಲ್ಲ... ಅವಳ ಸ್ವರದ ಕೆಳಗೆ ತನ್ನ ಸ್ವರವನ್ನು ಮೆಲ್ಲಗೆ ಹಾಸಿದ. ಅವಳು ಏರಿದಾಗ ದಾರಿ ಬಿಟ್ಟ. ಉಸಿರಿಗೆ ನಿಂತಾಗ ಕಾದ. ಅವಳ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ!

ಹಾಡು ಮುಗಿದಾಗ ಇಡೀ ಸಭೆ ಎದ್ದು ನಿಂತಿತ್ತು.

"ನಾ ಬಸವಕಿರಣ," ಎಂದ ಅವನು ಬೆವರು ಒರೆಸಿಕೊಳ್ಳುತ್ತ. "ಹನ್ನೊಂದು ನಿಮಿಷ ಹಾಡಿದ್ರಿ ನೀವು."

"ನಾ ಹಾಡಿದ್ದು ನಿಮ್ಮನ್ನ ನಿಲ್ಲಸಾಕ!"

"ಗೊತ್ತದರಿ. ಬರೋ ಐತವಾರ ಭಿ ನಿಲ್ಲಸಾಕ ಬರ್ತೀರೇನು?"

ನಗಬಾರದು ಎಂದುಕೊಂಡಳು. ನಕ್ಕುಬಿಟ್ಟಳು.

ಬಸವಕಿರಣನಿಗೆ ಹುಮನಾಬಾದಿನ ಔಷಧಿ ಕಾರ್ಖಾನೆಯಲ್ಲಿ ಕೆಲಸ. ಡ್ರಮ್ಮಿನ ದಿಗಂಬರ ಮೊದಲು ಮದುವೆ ಮೆರವಣಿಗೆಗಳಲ್ಲಿ ಬಾರಿಸುತ್ತಿದ್ದವನು. ಬೇಸ್ ಗಿಟಾರಿನ ಸಂತೋಷಕುಮಾರ ರೇಡಿಯೋ ರಿಪೇರಿಯವನು. ಹಳೇ ಟೇಪ್ ರೆಕಾರ್ಡರ್ ಬಿಚ್ಚಿ ಆ ಎಕೋ ಯಂತ್ರ ಕಟ್ಟಿದ್ದು ಅವನೇ. ಇವರ ಹಾಡು ಕೇಳಿದರೆ ಚಕ್ಕರ್ ಬರುತ್ತದೆ, ತಲೆ ತಿರುಗುತ್ತದೆ ಎಂದು ಜನ ಬೈದರು. ಇವರು ಅದನ್ನೇ ಹೆಸರು ಮಾಡಿಕೊಂಡು ಡ್ರಮ್ಮಿನ ಮೇಲೆ ದೊಡ್ಡದಾಗಿ ಬರೆಸಿದರು: 'ಚಕ್ಕರ್ ಬ್ಯಾಂಡ್'!

ಮಗಳು ಈ ಬ್ಯಾಂಡಿನಲ್ಲಿ ಹಾಡುವುದಕ್ಕೆ ವೈಜನಾಥಪ್ಪ ಮೊದಲು ಒಪ್ಪಲಿಲ್ಲ. ಒಂದು ಭಾನುವಾರ ಮಗಳ ಹಿಂದೆಯೇ ಬ್ಯಾಂಡಿನವರು ಅಭ್ಯಾಸ ಮಾಡುವ ಹುಮನಾಬಾದಿನ ದಾಲ್ ಗೋದಾಮಿಗೆ ಬಂದು, ತೊಗರಿ ಚೀಲದ ಮೇಲೆ ಎರಡು ತಾಸು ಕೂತು ಕೇಳಿದರು.

"ನನಗೊಂದೂ ತಿಳಿಲಿಲ್ಲವ್ವಾ," ಎಂದರು ಎದ್ದು. "ಆದ್ರ ಹಾಡುವಾಗ ನಿನ್ನ ಮುಖ ನೋಡಿದೆ. ಹಾಡು."

ನಾಲ್ಕು ವರ್ಷ... ಬೀದರಿನ ಒಂದು ಲಗ್ನದಲ್ಲಿ ಹಾಡು ಮುಗಿಯದೆ ಅಕ್ಷತೆಯ ಹೊತ್ತು ಮೀರಿ, ಬೀಗರು ವೈರು ಕಿತ್ತು ಓಡಿಸಿದರು. ಗುಲಬರ್ಗಾದ ಕಾಲೇಜಿನವರು ಮೂರು ಸಲ ಕರೆದರು. ಸೊಲ್ಲಾಪುರದಲ್ಲಿ ಭಾಷೆ ಬಾರದ ಜನರೂ ಎರಡು ತಾಸು ಕದಲಲಿಲ್ಲ. ಒಂದೇ ಹಾಡನ್ನು ಎರಡು ಸಲ ಒಂದೇ ಥರ ನುಡಿಸಿದ್ದೇ ಇಲ್ಲ! ವಿಜಯಶ್ರೀಗೆ ಅದೇ ದೊಡ್ಡ ಹೆಮ್ಮೆ.

ಇನ್ನೊಂದು ಹೆಮ್ಮೆಯೂ ಇತ್ತು, ಯಾರಿಗೂ ಹೇಳದ್ದು. ಕಣ್ಣು ಮುಚ್ಚಿ ನುಡಿಸುವ ಬಸವಕಿರಣ ಅವಳು ಹಾಡುವಾಗ ಮಾತ್ರ ಕಣ್ಣು ತೆರೆಯುತ್ತಿದ್ದ...

2001ರಲ್ಲಿ ಹೈದರಾಬಾದಿನ ಒಂದು ಕ್ಯಾಸೆಟ್ ಕಂಪನಿ ಅವರ ಧ್ವನಿಮುದ್ರಣ ಕೇಳಿ ತರಿಸಿಕೊಂಡಿತು. ತಿಂಗಳ ನಂತರ ಅಪ್ಪನ ಅಂಗಡಿಗೆ ಒಂದು ಮಾದರಿ ಕ್ಯಾಸೆಟ್ ಬಂತು. ವಿಜಯಶ್ರೀ ಖುಷಿಯಿಂದ ಹಚ್ಚಿದಳು.

ನಲವತ್ತು ನಿಮಿಷದ ಹಾಡು ಐದೇ ನಿಮಿಷಕ್ಕೆ ಮುಗಿಯಿತು! ಅವಳ ಆಲಾಪ... ಇಲ್ಲ. ಹೊದಿಕೆಯ ಮೇಲೆ 'ಬಸವಕಿರಣ ಮತ್ತು ಬಳಗ'. ಅವಳ ಹೆಸರೂ ಇಲ್ಲ.

'ಹೆಸರು ಬರುವ ಹೊತ್ತಿಗೆ ನಾನು ಬೇಡವಾದೆನೇ?' ಎದೆ ಉರಿಯಿತು. ಒಂದು ಮಾತೂ ಕೇಳಲಿಲ್ಲ. "ನಾ ಇನ್ನ ಬರಂಗಿಲ್ಲ," ಎಂದು ದಿಗಂಬರನ ಕೈಯಲ್ಲಿ ಹೇಳಿ ಕಳಿಸಿದಳು. ಹತ್ತಿರದ ಕೊಹಿನೂರ ಗ್ರಾಮದ ಶಾಲೆಯಲ್ಲಿ ಕೆಲಸಕ್ಕೆ ಸೇರಿದಳು. ಬಸವಕಿರಣನೂ ಬರಲಿಲ್ಲ.

ಮೂರು ವರ್ಷ ಕಳೆಯಿತು.

2004ರ ಒಂದು ಭಾನುವಾರ ಹುಮನಾಬಾದಿನ ಸೋದರತ್ತೆಯ ಮನೆಯಿಂದ ಮರಳುವಾಗ ಬಸ್ ಸಿಗದೆ ಜೀಪು ಹತ್ತಿದಳು. ಊರು ದಾಟುತ್ತಲೇ ಡ್ರೈವರ್ ಕಾಶಿರಾಮ ಟೇಪು ಹಚ್ಚಿದ.

ಗಿಟಾರ್... ಡ್ರಮ್... ಆಮೇಲೆ ಅವಳದೇ ದನಿ! ಅವಳು ಮುಂದಕ್ಕೆ ಬಾಗಿದಳು.

"ಇದು... ಎಲ್ಲಿ ಸಿಕ್ತು?"

"ಚಕ್ಕರ್ ಬ್ಯಾಂಡರೀ ಅಕ್ಕೋರೆ! ಹುಮನಾಬಾದಿನ್ಯಾಗ ಹಚ್ಚಿದ್ರ ಕಲ್ಯಾಣ ಬರೂತನ ಒಂದೇ ಹಾಡು! ಈ ರೋಡಿನ ಎಲ್ಲಾ ಜೀಪಿನ್ಯಾಗ ಅದ. ಈ ಹೆಣ್ಮಗಳ ದನಿ ಬಂತಂದ್ರ ಪ್ಯಾಸೆಂಜರ್ ಸೀಟಿನ ಜಗಳಾನೇ ಮರೀತಾರ."

"ಕಂಪನಿಯವರು ಈ ದನಿ ತೆಗೆದಿದ್ರಲ್ಲ?"

"ಹೌದ್ರಿ. ಡ್ರಮ್ಮಿನ ದಿಗಂಬರ ನಮ್ಮ ಓಣಿಯಾಂವ, ಅಂವನೇ ಹೇಳ್ಯಾನ. ಹೆಣ್ಮಗಳ ಹಾಡು ತೆಗೀತೀವಿ ಅಂದದ್ದಕ್ಕ ಗಿಟಾರಿನಾಂವ ಕರಾರಿನ ಕಾಗದ ಅಲ್ಲೇ ಹರದು ಒಗದು ಬಂದನಂತ! ಆಮ್ಯಾಲ ತಾವೇ ಕ್ಯಾಸೆಟ್ ಮಾಡಿ ಹಂಚಿದ್ರು. ನೋಡ್ರಿ."

ಕೈಬರಹದ ಹೊದಿಕೆ. ಎಲ್ಲಕ್ಕಿಂತ ಮೇಲೆ ಒಂದು ಹೆಸರು: 'ಗಾಯನ: ವಿಜಯಶ್ರೀ'. ಆ ಮೂವರ ಹೆಸರು ಅದರ ಕೆಳಗೆ.

ಕಣ್ಣು ತುಂಬಿತು. ಆದರೆ ತಲೆ ಎತ್ತಿಯೇ ಹೇಳಿದಳು, "ಆ ಹೆಣ್ಮಗಳು ನಾನೇ."

ಕಾಶಿರಾಮ ಗಕ್ಕನೆ ಬ್ರೇಕ್ ಹಾಕಿದ! ಹಿಂದೆ ಕೂತಿದ್ದ ಮುದುಕಿಯೊಬ್ಬಳು ಅವಳ ಗಲ್ಲ ಸವರಿ ತನ್ನ ಹಣೆಗೆ ನೆಟಿಗೆ ಮುರಿದು ದೃಷ್ಟಿ ತೆಗೆದಳು.

ಅಲ್ಲೇ ಇಳಿದು ಎದುರಿನ ಜೀಪು ಹತ್ತಿ ಹುಮನಾಬಾದಿಗೆ ಮರಳಿದಳು ವಿಜಯಶ್ರೀ.

ಗೋದಾಮಿನ ಬಾಗಿಲು ತೆರೆದಿತ್ತು. ಮೂವರು ನುಡಿಸುತ್ತಿದ್ದರು. ನಡುವೆ ಒಂದು ಮೈಕ್, ಮುಂದೆ ಯಾರೂ ಇಲ್ಲ.

ಮೊದಲು ಕಂಡವನು ದಿಗಂಬರ. "ಬಾ ತಂಗಿ!" ಎಂದವನೇ, "ನಡೀ, ಚಹಾ ಕುಡದು ಬರೋಣು," ಎಂದು ಸಂತೋಷಕುಮಾರನ ರಟ್ಟೆ ಹಿಡಿದು ಎಳೆದೊಯ್ದ.

"ಕರಾರು ಹರದು ಬಂದದ್ದು ಯಾಕ ಹೇಳಲಿಲ್ರಿ?" ಮೈಕಿನ ಹತ್ತಿರ ಬಂದು ಕೇಳಿದಳು.

ಬಸವಕಿರಣ ತಲೆ ತಗ್ಗಿಸಿದ. "ಹೇಳಬೇಕಂತ ನಿಮ್ಮ ಅಂಗಡಿ ತನ ಬಂದಿದ್ದೆ. ನಾಲ್ಕು ವರ್ಷ ಜೋಡಿ ನುಡಿಸಿದಾಂವನ ಮ್ಯಾಲ ಇಷ್ಟೂ ಭರೋಸಾ ಇಲ್ಲೇನು ಅನಿಸ್ತು... ಹೊಳ್ಳಿ ಹೋದೆ. ನಂದು ಭಿ ದಿಮಾಕ್ ಕಮ್ಮಿ ಇಲ್ಲ."

"ನಾನರ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ... ಬ್ಯಾರೆ ಯಾರನ್ನೂ ಹಾಡಾಕ ಕರೀಲಿಲ್ಲೇನು?"

"ಒಬ್ಬರು ಬಂದಿದ್ರು. ನಮ್ಮ ಹಾಡುವಾಕಿ ಅದಾಳ, ಸದ್ಯ ಸಿಟ್ಟಿನ್ಯಾಗ ಅದಾಳ ಅಂತ ಹೇಳಿ ಕಳಿಸಿದೆ."

ಅಳುತ್ತಲೇ ನಕ್ಕಳು. ಸೆರಗಿನಿಂದ ಮುಖ ಒರೆಸಿಕೊಂಡು ಅವನ ಎದುರು ನೆಟ್ಟಗೆ ನಿಂತಳು.

"ಇವತ್ತು ಒಂದು ಮಾತು ಕೇಳ್ತೇನಿ. ಖರೇ ಹೇಳಬೇಕು."

"ಕೇಳ್ರಿ."

"ನನ್ನ ಜೋಡಿ ಲಗ್ನ ಆಗ್ತೀರೇನು?"

ಗಿಟಾರ್ ಕೈಜಾರಿ ಬೀಳುವುದರಲ್ಲಿತ್ತು! "ನಿಮ್ಮಪ್ಪಾರು..."

"ಅಪ್ಪಗ ನಾ ಹೇಳ್ತೇನಿ. ನೀವು ನಿಮ್ಮ ಮಾತು ಹೇಳ್ರಿ."

"ಆಗ್ತೇನಿ," ಎಂದ ಮೆಲ್ಲಗೆ. "ಏಳು ವರ್ಷ ಆತು, ಈ ಮಾತು ಹ್ಯಾಂಗ ಶುರು ಮಾಡ್ಲಿ ಅಂತ ವಿಚಾರ ಮಾಡಾಕತ್ತೇನಿ."

"ತಾಸುಗಟ್ಲೆ ನುಡಿಸಾವ್ರಿಗೆ ಒಂದು ಮಾತು ಆಡಾಕ ಬರಂಗಿಲ್ಲೇನು?"

"ಅದು ಬ್ಯಾರೆ, ಇದು ಬ್ಯಾರೆ ವಿಜಯಾ..."

ಇಷ್ಟು ವರ್ಷದಲ್ಲಿ ಅವನು ಅವಳನ್ನು ಹಾಗೆ ಕರೆದದ್ದು ಅದೇ ಮೊದಲು.

"ಇನ್ನೊಮ್ಮೆ ಅನ್ರಿ," ಎಂದಳು.

"ವಿಜಯಾ."