ಮೇಜಿನೊಳಗೊಂದು ಮೇಜು

ಇದು ನಿಜವಾಗಿ ನಡೆದದ್ದು. ನನ್ನನ್ನು ಬಲ್ಲವರು ಈ ಮಾತು ಕೇಳಿದೊಡನೆ ನಗಲು ಸಿದ್ಧರಾಗಿ ಕೂರುತ್ತಾರೆ, ಅವರ ತಪ್ಪಲ್ಲ. ಅಮೆರಿಕದಲ್ಲಿ ಸಮುದ್ರದಂಥ ಸರೋವರದ ದಡದಲ್ಲಿರುವ ಡುಲುತ್ ಊರಿನಲ್ಲಿ ಐಲಾ ಎಂಬ ನಾನು ಬೇರೆಯವರ ದನಿಯಲ್ಲಿ ಮಾತಾಡಿದ್ದೇ ಹೆಚ್ಚು. ರೇಡಿಯೋ ಸ್ಟೇಷನ್ನಿನಲ್ಲಿ ನನ್ನ ಕೆಲಸವೇ ಅದು. ಹವಾಮಾನ ಹೇಳುವವನ ಮೂಗಿನ ದನಿ, ಮನೆ ಒಡತಿ ಮಿಸೆಸ್ ಬರ್ಗ್ ಕಸದ ಡಬ್ಬಿಯ ಬಗ್ಗೆ ಏದುಸಿರು ಬಿಡುತ್ತಾ ದೂರುವ ದನಿ, ಬಂದರಿಗೆ ಬರುವ ಹಡಗಿನ ಕೂಗು, ಎಲ್ಲವೂ ಬರುತ್ತವೆ. ನನ್ನದೇ ದನಿಯಲ್ಲಿ ಒಂದೇ ಒಂದು ಮಾತು ಹೇಳಬೇಕಾಗಿ ಬಂದಾಗ ಮಾತ್ರ ಆ ದನಿಯನ್ನು ಎಲ್ಲಿಟ್ಟಿದ್ದೇನೆಂದೇ ನೆನಪಾಗಲಿಲ್ಲ.

ಆ ಮಾತು ಕೇಳಬೇಕಾದವನು ಕೆಳಗಿನ ಮನೆಯ ಎಮೆಟ್, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು.

ಎಲೆಯುದುರುವ ಕಾಲ. ಗ್ಯಾರೇಜಿನಲ್ಲಿ ಅವನು ಚೆರಿ ಮರದ ಹಲಗೆಗೆ ಉಜ್ಜುಗೊರಡು ಹಾಕುತ್ತಿದ್ದ. ಕೆಂಪು ಸುರುಳಿಗಳು ಅವನ ತೋಳಿನ ಮೇಲೇರಿ ಬಳೆಗಳಂತೆ ಕೂತಿದ್ದವು.

"ಏನು ಮಾಡ್ತಿದೀಯ ಮೇಷ್ಟ್ರೇ?"

"ಮೇಜು. ಮೂರು. ಒಂದರೊಳಗೆ ಒಂದು ಕೂರೋ ಥರದ್ದು."

"ಯಾರಿಗೆ?"

"ನಿನಗೆ. ಪೇಂಟ್ ಬಕೆಟ್ ಬೋರಲು ಹಾಕಿ ಅದರ ಮೇಲೆ ಊಟ ಮಾಡ್ತೀಯಲ್ಲ, ನೋಡೋಕಾಗಲ್ಲ."

ನಾನು ಹಿಗ್ಗುವಷ್ಟರಲ್ಲಿ ಅವನು ತಲೆಯೆತ್ತದೆ ಸೇರಿಸಿದ. "ಹೋಗೋಕೆ ಮುಂಚೆ ಮುಗಿಸಬೇಕು. ಫೇರ್‌ಬ್ಯಾಂಕ್ಸ್‌ನಲ್ಲಿ ಕೆಲಸ ಸಿಕ್ಕಿದೆ. ಕ್ರಿಸ್ಮಸ್ ಆದಮೇಲೆ ಸೇರ್ಕೋಬೇಕು."

ಫೇರ್‌ಬ್ಯಾಂಕ್ಸ್, ಅಂದರೆ ಅಲಾಸ್ಕಾ. ಆಗಲೇ ಮೂಲೆಯಲ್ಲಿದ್ದ ಪೆಟ್ಟಿಗೆ ಕಣ್ಣಿಗೆ ಬಿತ್ತು. ಹತ್ಯಾರಗಳನ್ನು ತುಂಬಲು ಪೈನ್ ಹಲಗೆಯಲ್ಲಿ ಮಾಡಿದ್ದ. ಮೇಲೆ ಕಪ್ಪು ಬಣ್ಣದಲ್ಲಿ ಆ ಊರಿನ ಹೆಸರು.

"ತುಂಬಾ ಸಂತೋಷ," ಅಂದೆ, ಹವಾಮಾನದವನ ಮೂಗಿನಲ್ಲಿ. "ಅಲ್ಲಿ ಕರಡಿಗಳೂ ಸ್ವೆಟರ್ ಹಾಕ್ಕೊಳ್ತವಂತೆ."

ಅವನು ನಕ್ಕ. ನಾನೂ ನಕ್ಕೆ. ಆಮೇಲೆ ಮೇಲೆ ಹೋಗಿ ಬಕೆಟ್ಟಿಗೆ ಒದ್ದೆ.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮೇಜು ಮುಗಿದರೆ ಅವನು ಹೋಗುತ್ತಾನೆ. ಹಾಗಾಗಿ ಸಹಾಯ ಮಾಡುವ ನೆಪದಲ್ಲಿ ಗ್ಯಾರೇಜಿಗಿಳಿದು ಆದಷ್ಟು ಅಡ್ಡಗಾಲು ಹಾಕಿದೆ. ಅಂಟಿನ ಬಾಟಲಿ ಬಚ್ಚಿಟ್ಟೆ. ಉಜ್ಜಿದ ಕಾಲನ್ನೇ ಮತ್ತೆ ಉಜ್ಜಿದೆ.

ಎಮೆಟ್ ಟೇಪು ಮುಟ್ಟುತ್ತಿರಲಿಲ್ಲ. ಒಂದು ಕೋಲಿನ ಮೇಲೆ ಗೀರು ಹಾಕಿಕೊಂಡು, ಅದನ್ನೇ ಹಿಡಿದು ಮೂರೂ ಮೇಜುಗಳ ಅಳತೆ ತೆಗೆಯುತ್ತಿದ್ದ. "ಮರದ ಎಳೆ ಯಾವ ಕಡೆ ಓಡುತ್ತೆ ನೋಡ್ಕೋಬೇಕು," ಅಂದ ಒಮ್ಮೆ. "ತೇವ ಹತ್ತಿದ್ರೆ ಹಲಗೆ ಉದ್ದಕ್ಕೆ ಬೆಳೆಯಲ್ಲ, ಅಗಲಕ್ಕೆ ಊದುತ್ತೆ. ಕೇಳಿಸ್ಕೊಂಡ್ಯಾ?"

"ಹ್ಞೂಂ."

ಕೇಳಿಸಿಕೊಂಡಿರಲಿಲ್ಲ. ಅವನ ಕಿವಿಯ ಹಿಂದೆ ಸಿಕ್ಕಿಸಿದ್ದ ಪೆನ್ಸಿಲ್ಲನ್ನು ನೋಡುತ್ತಿದ್ದೆ. ಆ ಪೆನ್ಸಿಲ್ಲಾದರೂ ನಾನಾಗಬಾರದಿತ್ತೇ ಎನಿಸುತ್ತಿತ್ತು.

ಒಂದು ಮಧ್ಯಾಹ್ನ ಅವನಿಗೆ ಫೋನ್ ಮಾಡಿ, ಅಲಾಸ್ಕಾದ ಹೆಡ್‌ಮಾಸ್ಟರಂತೆ ಗಡಸು ದನಿ ತೆಗೆದೆ. "ಮಿಸ್ಟರ್ ಎಮೆಟ್, ನಮ್ಮ ಶಾಲೆಯ ಬಾಗಿಲು ಹಿಮದಲ್ಲಿ ಹೂತು ಹೋಗಿದೆ. ದಯವಿಟ್ಟು ಬರಬೇಡಿ."

"ಊಟ ಆಯ್ತಾ ಐಲಾ?"

"ಹೆಂಗೆ ಗೊತ್ತಾಯ್ತು?"

"ನೀನು ಯಾರ ದನಿ ತೆಗೆದ್ರೂ ಉಸಿರು ಎಳ್ಕೊಳ್ಳೋ ಜಾಗ ಮಾತ್ರ ನಿಂದೇ."

ಹೀಗೆಂದವನು ಊರು ಬಿಟ್ಟು ಹೋಗುತ್ತಾನಂತೆ. ನಾನು ಎಲ್ಲಿಗೆ ಹೋಗಿ ತಲೆ ಚಚ್ಚಿಕೊಳ್ಳಲಿ?

ಆಗ ನನಗೊಂದು ಚೇಷ್ಟೆ ಹೊಳೆಯಿತು. ನನ್ನ ಸೈಮಾ ಅಜ್ಜಿಯ ಸೌನಾ, ಅಂದರೆ ಹಬೆಸ್ನಾನದ ಕೋಣೆ ಕೆಡವಿದಾಗ, ಅವಳು ಹಬೆಯಲ್ಲಿ ಕೂರುತ್ತಿದ್ದ ದೇವದಾರು ಹಲಗೆಯನ್ನು ನಾನು ಉಳಿಸಿಕೊಂಡಿದ್ದೆ. ಎಮೆಟ್ ಒಮ್ಮೆ ಅದರಲ್ಲೊಂದು ತುಂಡು ಕೇಳಿದ್ದ. "ಊಹೂಂ," ಅಂದಿದ್ದೆ, ಅಜ್ಜಿಯ ನಡುಗುವ ದನಿಯಲ್ಲಿ. "ಇದು ನಮ್ಮ ಮನೆಯವನಾಗೋನಿಗೆ ಮಾತ್ರ."

ಅದೇ ಹಲಗೆಯನ್ನು ಗರಗಸಕ್ಕೆ ಕೊಟ್ಟೆ. ಅವನ ಗೀರುಕೋಲನ್ನು ಕದ್ದು ತಂದು, ನನ್ನ ಕೋಣೆಯ ಹೀಟರಿನ ಪಕ್ಕ ಕೂತು, ಅವನ ಮೂರನೆಯ ಮೇಜಿನೊಳಗೆ ಕೂರುವಂಥ ನಾಲ್ಕನೆಯದನ್ನು ಮಾಡಿದೆ. ಒಂದು ಕಾಲು ತುಸು ಕುಂಟು. ಇರಲಿ, ಪ್ರೀತಿ ತಾನೇ. ಅವನು ಶಾಲೆಯಲ್ಲಿದ್ದಾಗ ಗ್ಯಾರೇಜಿಗೆ ಹೋಗಿ ಒಳಗೆ ತಳ್ಳಿದೆ. ಹೇಳಿ ಮಾಡಿಸಿದಂತೆ ಕೂತಿತು. ಇನ್ನು ಅವನು ನೋಡುತ್ತಾನೆ, ದೇವದಾರಿನ ವಾಸನೆ ಹಿಡಿಯುತ್ತಾನೆ, ನಾನು ಬಾಯಿಬಿಡಬೇಕಾಗಿಯೇ ಇಲ್ಲ.

ಅವನು ಏನೂ ಹೇಳಲಿಲ್ಲ.

ಹೊರಗೆ ಸರೋವರದ ಕಡೆಯಿಂದ ಮಂಜು ಬಂದು ಬೀದಿಗಳನ್ನು ನೆನೆಸುತ್ತಲೇ ಇತ್ತು. ದಿನಾ ಬೆಳಿಗ್ಗೆ ಮೆಟ್ಟಿಲಲ್ಲಿ ಸಿಕ್ಕಾಗ ಅವನ ಮುಖ ಓದಲು ನೋಡಿದೆ.

"ಏನು ಹಾಗೆ ನೋಡ್ತೀಯ?"

"ಮೀಸೆಗೆ ಹಾಲು ಅಂಟಿದೆ."

"ನನಗೆ ಮೀಸೆನೇ ಇಲ್ವಲ್ಲ."

"ಅದೇ ಆಶ್ಚರ್ಯ."

ಒಂದು ದಿನ ಪೆಟ್ಟಿಗೆಗೆ ಮುಚ್ಚಳ ಬಿದ್ದದ್ದನ್ನು ಕಂಡೆ. ನನ್ನ ಧೈರ್ಯವೆಲ್ಲ ಇಳಿದುಹೋಯಿತು. ಅಂದರೆ ನೋಡಿದ್ದಾನೆ, ನೋಡಿಯೂ ಹೊರಟಿದ್ದಾನೆ. ಅಥವಾ ನೋಡಿಲ್ಲ; ಹೋದಮೇಲೆ ಆ ಕುಂಟು ಮೇಜಿನ ಮುಂದೆ ನಾನೊಬ್ಬಳೇ ಕೂರಬೇಕು. ಎರಡೂ ಬೇಡ. ಅಂದೇ ಗ್ಯಾರೇಜಿಗೆ ನುಗ್ಗಿ ನನ್ನ ಮೇಜನ್ನು ವಾಪಸ್ ಎಳೆದೆ.

ಬರಲಿಲ್ಲ. ನೆಲದ ಮೇಲೆ ಕೂತು, ದೊಡ್ಡ ಮೇಜಿಗೆ ಎರಡೂ ಕಾಲು ಕೊಟ್ಟು ಜಗ್ಗಿದೆ. ಬೈದೆ. ಬೇಡಿಕೊಂಡೆ. ಮಿಸೆಸ್ ಬರ್ಗ್ ದನಿಯಲ್ಲಿ ಗದರಿಸಿಯೂ ನೋಡಿದೆ. ಅಲುಗಲಿಲ್ಲ. ಮನಸ್ಸಿನ ಮಾತನ್ನು ಹೇಳಲೂ ಆಗದೆ, ಹಿಂದಕ್ಕೆ ಪಡೆಯಲೂ ಆಗದೆ, ಮೈತುಂಬ ಮರದ ಪುಡಿ ಮೆತ್ತಿಕೊಂಡು ಮೇಲೆ ಬಂದೆ.

ಮುಂದಿನ ಭಾನುವಾರ ಅವನೇ ಬಾಗಿಲು ತಟ್ಟಿದ. ತೋಳಿನಲ್ಲಿ ಒಂದರೊಳಗೊಂದು ಕೂರಿಸಿದ ಮೇಜುಗಳು.

"ಮುಗೀತು," ಅಂದ, ಮುಖ ಗಂಟಿಕ್ಕಿಕೊಂಡು. "ಎಲ್ಲಿಡಲಿ?"

"ಬಕೆಟ್ ಪಕ್ಕ."

ಅವನು ಮೊದಲನೆಯದರೊಳಗಿಂದ ಎರಡನೆಯದನ್ನು ಎಳೆದ. ಎರಡನೆಯದರಿಂದ ಮೂರನೆಯದನ್ನು. ನಾನು ಕಿಟಕಿಯಾಚೆ ನೋಡುತ್ತಾ ನಿಂತೆ. ಎದೆ ಮಾತ್ರ ಮೇಜಿನ ಕಡೆಯೇ ತಿರುಗಿತ್ತು.

"ಇದರೊಳಗೆ ಏನೋ ಇದೆಯಲ್ಲ," ಅಂದ ಅವನು.

ನಾಲ್ಕನೆಯದು ಜಾರಿಬಂತು. ಒಂದು ಬೆರಳಿಗೆ, ಬೆಣ್ಣೆಯ ಮೇಲೆ ಜಾರಿದಂತೆ. ಕುಂಟುತ್ತಲೂ ಇರಲಿಲ್ಲ. ನಾನು ತಿರುಗಿ ನೋಡಿದೆ.

"ಎಳೆ ಅಡ್ಡಕ್ಕೆ ಇಟ್ಟಿದಾರೆ ಯಾರೋ," ಅವನು ಮೇಷ್ಟ್ರ ದನಿಯಲ್ಲಿ ಶುರುಮಾಡಿದ. "ತೇವಕ್ಕೆ ಅಗಲಕ್ಕೆ ಊದಿ ಸಿಕ್ಕಾಕೊಂಡಿತ್ತು. ಪಾಠ ಕೇಳದವರ ಕೆಲಸ. ನಾನು ಅಂಚು ಕೆತ್ತಿ ಸರಿಮಾಡಿದೆ."

"ಯಾವಾಗ ನೋಡಿದೆ?"

"ಮೊದಲನೇ ದಿನವೇ. ಗ್ಯಾರೇಜೆಲ್ಲ ನಿಮ್ಮಜ್ಜಿ ಸೌನಾ ಥರ ಘಮ್ಮಂತಿತ್ತು."

"ಮತ್ತೆ ನಾನು ಜಗ್ಗಿದ್ದು..."

"ಹೊರಗೆ ನಿಂತು ಗ್ಯಾರೇಜಿನ ಕಿಟಕೀಲಿ ನೋಡಿದೆ. ನಗು ಕೇಳಿಸದಿರ್ಲಿ ಅಂತ ಬಾಯಿಗೆ ಕೈವಸ್ತ್ರ ತುರುಕ್ಕೊಂಡಿದ್ದೆ."

"ಇಷ್ಟು ದಿನ ಸುಮ್ನಿದ್ಯಾ, ಪಾಪಿ?"

"ನೀನು ಅಂಟಿನ ಬಾಟ್ಲಿ ಬಚ್ಚಿಡಲಿಲ್ವಾ? ಆಮೇಲೆ, ಎಲ್ಲರ ದನಿಯಲ್ಲೂ ಏನೇನೋ ಹೇಳಿದೆ. ನಿನ್ನ ದನಿಯಲ್ಲಿ ಏನಾದ್ರೂ ಹೇಳ್ತೀಯೇನೋ ಅಂತ ಕಾಯ್ತಿದ್ದೆ."

ಗಂಟಲು ಸರಿಮಾಡಿಕೊಂಡೆ. ಹವಾಮಾನದವನು ಬರಲು ಹವಣಿಸಿದ, ತಳ್ಳಿದೆ. ಅಜ್ಜಿ ಇಣುಕಿದಳು, ಅವಳನ್ನೂ ಕಳಿಸಿದೆ.

"ಹೋಗಬೇಡ," ಅಂದೆ. ದನಿ ಸಣ್ಣಗಿತ್ತು, ಒಡೆದಿತ್ತು, ನನ್ನದಾಗಿತ್ತು.

ಅವನು ಮೊಣಕಾಲೂರಿದ. ನನ್ನ ದೇವದಾರು ಮೇಜಿನ ಕೆಳಗೆ ಕೈ ಹಾಕಿ ಇನ್ನೊಂದನ್ನು ಎಳೆದ. ಒಂದು ಕಾಫಿ ಕಪ್ಪು ಕೂರುವಷ್ಟೇ ಜಾಗದ, ಬೆಕ್ಕಿನ ಮರಿಯೆತ್ತರದ ಐದನೆಯ ಮೇಜು. ಪೈನ್ ಹಲಗೆ. ಮೇಲೆ ಕಪ್ಪು ಬಣ್ಣದಲ್ಲಿ ಫೇರ್‌ಬ್ಯಾಂಕ್ಸ್ ಎಂಬುದರ ಮೊದಲರ್ಧ. ಉಳಿದರ್ಧ ಗರಗಸಕ್ಕೆ ಹೋಗಿತ್ತು.

"ಬರಲ್ಲ ಅಂತ ಅವರಿಗೆ ಹೇಳಿಬಿಟ್ಟೆ. ಈಗ ಪೆಟ್ಟಿಗೆನೂ ಇಲ್ಲ," ಅಂದ ಎಮೆಟ್. "ಹೆಂಗೆ ಹೋಗ್ಲಿ?"

ಆಗಲೇ ಬಂದರಿನಲ್ಲಿ ಹಡಗೊಂದು ಕೂಗಿತು. ನಮ್ಮೂರಲ್ಲಿ ಹಡಗು ಕೂಗಿದರೆ, ಅದಕ್ಕೆ ದಾರಿಬಿಡಲು ಮೇಲೇಳುವ ಸೇತುವೆ ತನ್ನ ಹಾರನ್ ಊದಿ ಅದೇ ಧಾಟಿಯಲ್ಲಿ ಮರುಕೂಗಬೇಕು. ಹುಟ್ಟಿದಾಗಿನಿಂದ ಒಬ್ಬರ ದನಿಯನ್ನೂ ಅನುಕರಿಸಲು ಬಾರದ ಮೇಷ್ಟ್ರು ಗಂಭೀರವಾಗಿ ನನ್ನ ಕೈ ಹಿಡಿದು, ಕೆನ್ನೆಯುಬ್ಬಿಸಿ, ಸೇತುವೆಗಿಂತ ಮುಂಚೆ ತಾನೇ ಕೂಗಿದ. ನೆಗಡಿ ಹಿಡಿದ ಹಸುವಿನಂತೆ.

ಕೆಳಗೆ ಕಸದ ಡಬ್ಬಿಯ ಹತ್ತಿರದಿಂದ ಮಿಸೆಸ್ ಬರ್ಗ್ ನಕ್ಕದ್ದು ಕೇಳಿಸಿತು. ಎಮೆಟ್ ತನ್ನ ಕೂಗಿಗೆ ತಾನೇ ನಕ್ಕ. ನಾನು ಬೋರಲು ಬಕೆಟ್ಟಿನ ಮೇಲೆ ಕುಸಿದು ಕೂತು, ಬಂದರಿಗೆ ಬಂದ ಹಡಗಿಗೂ ಕೇಳಿಸುವ ಹಾಗೆ, ಇಬ್ಬರಿಗಿಂತ ಜೋರಾಗಿ ನಕ್ಕೆ. ಅದೂ ನನ್ನದೇ ದನಿಯಲ್ಲಿ.