ಸತ್ತಾರ್ ಸಾಬರ ಎರಡು ಬಿ.ಪಿ.

ಬೆಳಿಗ್ಗೆ ಏಳಕ್ಕೆ ಮಾನ್ವಿಯ ಮನೆಯಲ್ಲಿ ನೂರಾ ಇಪ್ಪತ್ತೆಂಟು. ಒಂಬತ್ತಕ್ಕೆ ರಾಯಚೂರಿನ ಆಸ್ಪತ್ರೆಯಲ್ಲಿ ಇನ್ನೂರಾ ಇಪ್ಪತ್ತು. ಎರಡೂ ಸತ್ತಾರ್ ಸಾಬರ ಬಿ.ಪಿ. ಎರಡರಲ್ಲಿ ಒಂದು ಸುಳ್ಳು — ಆ ಸುಳ್ಳು ತನ್ನದೇ ಎಂದು ಎಲ್ಲರೂ ತೀರ್ಮಾನಿಸಿಯಾಗಿದೆ ಎಂಬುದು ಐ.ಸಿ.ಯು. ಹೊರಗಿನ ಬೆಂಚಿನ ಮೇಲೆ ಕುಳಿತ ನರ್ಸ್ ಮೌನೇಶ್ವರಿಗೆ ಗೊತ್ತಾಗಿತ್ತು.

ಏಳಕ್ಕೆ ಅವಳೇ ಬಿ.ಪಿ. ನೋಡಿ, ನೋಟ್‌ಬುಕ್ಕಿನಲ್ಲಿ ಬರೆದು, ಅಡುಗೆಮನೆಗೆ ಹೋಗಿದ್ದಳು. ಚಹಾ ತರುವಷ್ಟರಲ್ಲಿ ಸಾಬರು ಮಂಚದಿಂದ ಕೆಳಗೆ ಬಿದ್ದಿದ್ದರು. ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಎಡಗೈ ಪಟಪಟನೆ ಬಡಿದುಕೊಳ್ಳುತ್ತಿತ್ತು. ಕಾರಿನಲ್ಲಿ ಹಾಕಿಕೊಂಡು ಬರುವಾಗ ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಪ್ರಶ್ನೆ: ಬಿ.ಪಿ. ಇಷ್ಟು ಚೆನ್ನಾಗಿದ್ದವರಿಗೆ ಹೀಗೇಕಾಯಿತು?

ಸಾಬರದು ಮಾನ್ವಿ ಬಜಾರಿನಲ್ಲಿ ಪಾತ್ರೆ ಅಂಗಡಿ. ಮೆದುಳಿಗೆ ರಕ್ತ ಒಯ್ಯುವ ಕುತ್ತಿಗೆಯ ಬಲನಾಳ ಕಟ್ಟಿಕೊಂಡಿತ್ತೆಂದು ಹೈದರಾಬಾದಿನಲ್ಲಿ ಆಪರೇಷನ್ ಮಾಡಿಸಿ, ಒಂಬತ್ತು ದಿನದ ಹಿಂದೆ ಮನೆಗೆ ಕರೆತಂದಿದ್ದರು. ನೋಡಿಕೊಳ್ಳಲು ದೇವದುರ್ಗದಿಂದ ಮೌನೇಶ್ವರಿ ಬಂದಳು. ತಾಯಿ ಗೋಪಮ್ಮ ಕಂಡವರ ಹೊಲದಲ್ಲಿ ಕಳೆ ತೆಗೆದು ಓದಿಸಿದ ಮಗಳು. ಈಗ ಕೇಸಾದರೆ ನರ್ಸ್ ಕೆಲಸ ಅಲ್ಲಿಗೆ ಮುಗಿಯಿತು. ಗೋಪಮ್ಮನ ಸೊಂಟ ಬಗ್ಗಿದ್ದಷ್ಟೇ ಬಂತು.

ಸಾಬರ ಮಗನ ದೂರಿನ ಮೇಲೆ ಹನ್ನೊಂದಕ್ಕೆ ಮಾನ್ವಿ ಠಾಣೆಯ ಎ.ಎಸ್.ಐ. ಪಕೀರಪ್ಪ ಬಂದರು. ನಿವೃತ್ತಿಗೆ ಒಂದೇ ವರ್ಷ. ಹೊಟ್ಟೆ ಮುಂದು, ಮಾತು ಹಿಂದು. ಬಂದವರೇ ಎಲ್ಲರನ್ನೂ ಒಮ್ಮೆ ನೋಡಿದರು — ಬುಸುಗುಡುತ್ತಿದ್ದ ಮಗ ಕಲೀಮುಲ್ಲಾ, ಮೂಲೆಯಲ್ಲಿ ಹಸಿರು ಬಟ್ಟೆಯ ತುಂಡೊಂದನ್ನು ಮುಷ್ಟಿಯಲ್ಲಿ ಹಿಡಿದು ಕುಳಿತ ಹೆಂಡತಿ ದಿಲ್ಶಾದ್, ಬೆಂಚಿನ ಮೇಲಿನ ಹುಡುಗಿ. ಆಮೇಲೆ ಡಾಕ್ಟರ್ ಭಾಗ್ಯಜ್ಯೋತಿಯವರ ಕಡೆ ತಿರುಗಿದರು.

"ಏನಾಗ್ಯದ್ರಿ ಮೇಡಂ? ನನಗ ತಿಳಿಯೂವಂಗ ಹೇಳ್ರಿ."

"ಅವರ ಮೆದುಳು ವರ್ಷಗಟ್ಟಲೆ ಕಡಿಮಿ ರಕ್ತಕ್ಕ ಒಗ್ಗಿತ್ತು. ನಾಳ ಸ್ವಚ್ಛ ಮಾಡಿದ ಮ್ಯಾಲೆ ಒಮ್ಮಿಗೇ ಜಾಸ್ತಿ ಹರೀತದ. ನಿಮ್ಮ ಮಾನ್ವಿ ಕಡಿ ಕಾಲುವಿ ಕೊನಿ ಹೊಲಕ್ಕ ಗೇಟ್ ಪೂರಾ ಎತ್ತಿದಂಗ. ಬಿ.ಪಿ. ಹಿಡಿತದಾಗ ಇಟ್ರ ಬದು ತಡೀತದ. ಇಲ್ಲಾಂದ್ರ ಮೆದುಳು ಬಾತುಕೊಂತದ — ತಲಿನೋವು, ಗಲಿಬಿಲಿ, ಫಿಟ್ಸ್. ಒಳಗ ರಕ್ತ ಸೋರಿದ್ರ ಜೀವಕ್ಕೇ ಕುತ್ತು. ಇವರಿಗಿ ಇನ್ನಾ ಸೋರಿಲ್ಲ."

"ಬಿ.ಪಿ. ಯಾಕ ಏರಿತು?"

"ಆಕಿನ್ನ ಕೇಳ್ರಿ. ನೋಟ್‌ಬುಕ್ಕಿನಾಗ ಒಂದಿನಾನೂ ನೂರಾ ಮೂವತ್ತು ದಾಟಿಲ್ಲ."

"ನೋಡದೇ ಬರದಾಳ್ರಿ ಸರ್," ಎಂದ ಕಲೀಮುಲ್ಲಾ. "ಮಾತ್ರೀನೂ ಕೊಟ್ಟಿಲ್ಲ. ಹದಿನೆಂಟು ಮುಗೀಬೇಕಿತ್ತು. ಆರು ಉಳದಾವ."

ಪಕೀರಪ್ಪ ಬೆಂಚಿನ ತುದಿಗೆ ಕುಳಿತರು. "ಯಾಕ ಉಳದಾವ ಯವ್ವಾ?"

"ಮ್ಯಾಲಿನ ಅಂಕಿ ನೂರಾ ಇಪ್ಪತ್ತಕ್ಕಿಂತ ಕೆಳಗ ಬಂದ್ರ ಅರ್ಧ ಕೊಡಂತ ಚೀಟ್ಯಾಗ ಬರದಾರ್ರಿ. ಮೂರನೇ ದಿನ ನೂರಾ ಹನ್ನೆರಡು ಬಂತು. ಹೈದರಾಬಾದಿಗಿ ಫೋನ್ ಮಾಡಿ, ಕೇಳೇ ಅರ್ಧ ಮಾಡೀನ್ರಿ."

ಚೀಟಿ ನೋಡಿದರು. ಮಾತು ನಿಜ. ಫೋನ್ ನೋಡಿದರು. ಅದೂ ನಿಜ.

"ತಲಿನೋವು, ಗಲಿಬಿಲಿ ಇತ್ತೇನು?"

"ಇತ್ರಿ. ಮೂರು ದಿನದಿಂದ ಬಲಗಡಿ ತಲಿ ಸಿಡೀತದ ಅಂತಿದ್ರು. ಮೊನ್ನಿ ನನ್ನ ಅವರ ತಂಗಿ ಹೆಸರು ಹಿಡಿದು ಕರದ್ರು. ನಿನ್ನಿ ಚಪ್ಪಲಿ ಒಯ್ದು ಪಾತ್ರಿ ಕಪಾಟಿನಾಗ ಇಟ್ರು. ದವಾಖಾನಿಗಿ ಹೋಗೂಣು ಅಂದೆ. ಬಿ.ಪಿ. ಎಷ್ಟದ ಅಂತ ಕಲೀಮಣ್ಣಾರು ಕೇಳಿದ್ರು. ಹೇಳಿದೆ. ಹಂಗಾದ್ರ ಬಿಸಲಿಗಿ ಆಗ್ಯದ, ಸುಮ್ಮನಿರು ಅಂದ್ರು."

ಹೇಳುತ್ತ ಹೇಳುತ್ತ ಮೌನೇಶ್ವರಿಗೆ ತನ್ನ ಮೇಲೇ ಅನುಮಾನ ಹುಟ್ಟಿತು. ಇನ್ನೂರಾ ಹದಿನೆಂಟು ಬಂದದ್ದನ್ನು ನೂರಾ ಇಪ್ಪತ್ತೆಂಟು ಎಂದು ಓದಿದೆನೇ? ಒಂದು ದಿನ ತಪ್ಪಬಹುದು, ಒಂಬತ್ತು ದಿನ ತಪ್ಪುವುದುಂಟೇ?

"ಮಾತ್ರಿ ತಂದವರು ಯಾರು?"

"ನಮ್ಮ ಕಾಕಾನ ಮಗ ಶಕೀಲ್. ಇದೇ ಊರಾಗಿಂದ," ಎಂದ ಕಲೀಮುಲ್ಲಾ.

"ಮಾತ್ರಿ ಪಟ್ಟಿ ನಾನೂ ನೋಡೀನಿ. ಹೈದರಾಬಾದಿನವರು ಬರದ ಮಾತ್ರಿನೇ. ತಾರೀಖೂ ಮುಗದಿಲ್ಲ," ಎಂದರು ಡಾಕ್ಟರ್.

"ಹಂಗಾದ್ರ ಮಷಿನ್ ಕೆಟ್ಟಿರಬೇಕು. ತಗಿ ಯವ್ವಾ, ನನ್ನದೇ ನೋಡು."

ಪಕೀರಪ್ಪ ಬಲತೋಳಿನ ಅಂಗಿ ಮಡಚಿ ಕೈ ಚಾಚಿದರು. ಮೌನೇಶ್ವರಿ ಚೀಲದಿಂದ ಮಷಿನ್ ತೆಗೆದು, ಅವರ ಹೊಟ್ಟೆ ದಾಟಿ ಬಗ್ಗಿ, ಎಡತೋಳಿಗೆ ಪಟ್ಟಿ ಸುತ್ತಿದಳು. ನೂರಾ ಐವತ್ತಾರು. ಆಸ್ಪತ್ರೆಯ ಮಷಿನ್ ತಂದು ನೋಡಿದರೆ ನೂರಾ ಐವತ್ನಾಲ್ಕು.

"ನನ್ನದೂ ಏರ್ಯದ. ಇರ್ಲಿ, ಅದು ಬ್ಯಾರೆ ಕೇಸು."

ಮಷಿನ್ ಸರಿ. ಮಾತ್ರೆ ಸರಿ. ಉಳಿದವಳು ಹುಡುಗಿ ಒಬ್ಬಳೇ.

"ಇನ್ನೇನದ ಸರ್? ಹೆಸರು ಬರ್ಕೋರಿ," ಎಂದ ಕಲೀಮುಲ್ಲಾ.

ಮೌನೇಶ್ವರಿಗೆ ಅಳು ಒತ್ತರಿಸಿ ಬಂತು. ಪಕೀರಪ್ಪ ಮಾತ್ರ ಪೆನ್ನು ತೆಗೆಯಲಿಲ್ಲ. ಸುಮ್ಮನೆ ಮಡಚಿದ್ದ ಬಲತೋಳಿನ ಅಂಗಿಯನ್ನು ನಿಧಾನಕ್ಕೆ ಇಳಿಸುತ್ತಿದ್ದರು.

"ಯವ್ವಾ, ನಾ ಬಲಗೈ ಕೊಟ್ರ ನೀ ಎಡಗೈ ಯಾಕ ಹಿಡದಿ?"

ಅವಳು ತನ್ನ ಕೈಗಳನ್ನೇ ನೋಡಿಕೊಂಡಳು. "ರೂಢಿರಿ."

"ಯಾವಾಗಿಂದ?"

"ಸಾಬರ ಮನಿಗಿ ಬಂದಾಗಿಂದ."

"ಅದಕ್ಕ ಮೊದ್ಲು?"

"ಯಾವ ಕೈ ಕೊಟ್ರ ಆ ಕೈ ನೋಡ್ತಿದ್ದೆ."

ಪಕೀರಪ್ಪ ಎದ್ದು ದಿಲ್ಶಾದರ ಮುಂದೆ ಹೋಗಿ ನಿಂತರು. "ತಾಯಿ, ಬಂದಾಗಿಂದ ನೋಡಾಕತ್ತೀನಿ. ಮುಷ್ಟ್ಯಾಗ ಏನದು?"

"ಇಮಾಮ್ ಜಾಮಿನ್. ದಾರ್ಯಾಗ ಕಾಯಲಿ ಅಂತ ಕಟ್ಟೂದು." ಆ ತಾಯಿ ಬೆರಳು ಬಿಡಿಸಿದರು. ಹಸಿರು ಬಟ್ಟೆ, ಒಳಗೊಂದು ನಾಣ್ಯದ ಗಂಟು. ಒಂದು ಕಡೆ ಕತ್ತರಿ ಬಿದ್ದಿತ್ತು. "ಹೈದರಾಬಾದ್ ಬಿಟ್ಟು ಹೊಂಡೂ ಮುಂದ ನಾನೇ ಕಟ್ಟಿದ್ದೆ. ಪೂರಾ ಹುಷಾರಾದ ಮ್ಯಾಲೆ ಬಿಚ್ಚಿ ಫಾತಿಹಾ ಓದಸಬೇಕಂತ ಇತ್ತು. ಇಲ್ಲಿ ಬಂದ ಕೂಡ್ಲೇ ಕತ್ತರಿಸಿಬಿಟ್ರು."

"ಯಾವ ತೋಳಿಗಿ ಕಟ್ಟಿದ್ರಿ?"

"ಬಲಕ್ಕ. ಯಾವಾಗ್ಲೂ ಬಲಕ್ಕೇ ಕಟ್ಟೂದು."

"ಯಾಕ ಕತ್ತರಿಸಿದ್ರಿ ಮೇಡಂ?"

"ಎಡಗೈ ಫಿಟ್ಸಿನಾಗ ಬಡಕೊಳ್ಳಾಕತ್ತಿತ್ತು. ಬಿ.ಪಿ. ಬಲಗೈಯಾಗೇ ನೋಡಬೇಕಾತು..." ಭಾಗ್ಯಜ್ಯೋತಿಯವರ ಮಾತು ಅಲ್ಲಿಗೇ ನಿಂತಿತು. "ಮೌನೇಶ್ವರಿ, ಮಷಿನ್ ತಗೊಂಡು ಒಳಗ ಬಾ."

ಸಾಬರು ಔಷಧದ ಮಂಪರಿನಲ್ಲಿದ್ದರು. ಬಲಗೈ — ಔಷಧಕ್ಕೆ ಇಳಿದು ನೂರಾ ಅರವತ್ತೆಂಟು. ಎಡಗೈ — ತೊಂಬತ್ನಾಲ್ಕು. ಇನ್ನೊಮ್ಮೆ ನೋಡಿದಳು. ಅದೇ.

ಇಬ್ಬರೂ ಹೊರಬಂದು ಅಂಕಿ ಹೇಳಿದರು. ಪಕೀರಪ್ಪ ಕಲೀಮುಲ್ಲಾನನ್ನು ಎದುರಿಗೆ ಕೂರಿಸಿಕೊಂಡರು.

"ಸುಳ್ಳು ಯಾರೂ ಬರದಿಲ್ಲಪ್ಪ. ಆಕಿ ಕಂಡದ್ದೇ ಬರದಾಳ. ಮೇಡಂ ಕಂಡದ್ದೂ ಖರೆ. ಸುಳ್ಳು ಹೇಳಿದ್ದು ನಿಮ್ಮಪ್ಪನ ಎಡಗೈ."

"ಕುತ್ತಿಗಿ ನಾಳ ಸಣ್ಣಾದವರಿಗಿ ತೋಳಿನ ನಾಳಾನೂ ಸಣ್ಣ ಆಗಿರಬಹುದು," ಎಂದರು ಡಾಕ್ಟರ್. "ಆ ಕೈಯಾಗ ಬಿ.ಪಿ. ಕಡಿಮಿ ತೋರಸ್ತದ. ಅದನ್ನ ನಂಬಿ ಮಾತ್ರಿ ಇಳಿಸ್ಯಾರ. ಒಳಗ ಬಿ.ಪಿ. ಏರ್ತಾ ಹೋಗ್ಯದ. ಆಪರೇಷನ್ ಮಾಡಿದವರು ಇದನ್ನ ಖಂಡಿತ ಬರದಿಟ್ಟಿರ್ತಾರ. ಫೈಲ್ ಎಲ್ಲದ?"

ಕಲೀಮುಲ್ಲಾ ಜೇಬಿನಿಂದ ಕಾರಿನ ಕೀಲಿ ತೆಗೆದ. "ಕಾರಿನ ಡಿಕ್ಕ್ಯಾಗ. ಆಕಿಗಿ ಮಾತ್ರಿ ಚೀಟಿ ಅಷ್ಟೇ ಕೊಟ್ಟಿದ್ದೆ."

ಫೈಲ್ ಬಂತು. ಕೊನೆಯ ಹಾಳೆಯಲ್ಲಿ ಕೆಂಪು ಗೆರೆ ಎಳೆದು ಬರೆದಿದ್ದರು: ಬಿ.ಪಿ. ಬಲಗೈಯಲ್ಲೇ ನೋಡಬೇಕು. ಡಾಕ್ಟರ್ ಓದಿ ಹೇಳಿದರು.

"ಒಂಬತ್ತು ದಿನ ಡಿಕ್ಕ್ಯಾಗ ಕುಂತದ ಇದು," ಎಂದರು ಪಕೀರಪ್ಪ. "ಈಗ ಹೇಳಪ್ಪ, ಯಾರ ಹೆಸರು ಬರ್ಕೊಳ್ಳಲಿ?"

ಕಲೀಮುಲ್ಲಾ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಆಮೇಲೆ ಮೌನೇಶ್ವರಿಯ ಕಡೆ ನೋಡದೆಯೇ, "ಮಾಫ್ ಮಾಡು ತಂಗಿ," ಎಂದ.

ಅವಳಿಗೆ ಹಗುರಾಗಬೇಕಿತ್ತು. ಆಗಲಿಲ್ಲ. ಮೊದಲ ದಿನ ಎರಡೂ ಕೈ ನೋಡಬೇಕೆಂದು ಅವಳು ಕಲಿತೇ ಇದ್ದಳು. ಬಲತೋಳಿನ ಅಂಗಿ ಎತ್ತಿಯೂ ಇದ್ದಳು. ಹಸಿರು ಬಟ್ಟೆ ಕಂಡಿತು. ಅಂಗಿ ಇಳಿಸಿದಳು.

"ಅಮ್ಮಾ, ನಂದೂ ತಪ್ಪದ," ಎಂದು ದಿಲ್ಶಾದರ ಕಾಲ ಬಳಿ ಕುಳಿತಳು. "ನಿಮ್ಮ ದೇವರದು, ನನ್ನಂಥಾಕಿ ಮುಟ್ಟಿದ್ರ ಏನಂತೀರೋ ಅಂತ ಅಂಜಿದೆ. ಬಾಯಿ ಬಿಟ್ಟು ಕೇಳಲಿಲ್ಲ."

ದಿಲ್ಶಾದ್ ಅವಳ ಮುಖವನ್ನೇ ನೋಡಿದರು, ಏನೂ ಅರ್ಥವಾಗದವರ ಹಾಗೆ.

"ಕೇಳಿದ್ರ ನಾನೇ ಬಿಚ್ಚಿ ಕೊಡ್ತಿದ್ದೆನಲ್ಲ ಬೇಟಿ."

ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು. ಪಕೀರಪ್ಪ ಟೋಪಿ ಹಾಕಿಕೊಂಡು, ತಮ್ಮ ನೂರಾ ಐವತ್ತಾರಕ್ಕೆ ಚೀಟಿ ಬರೆಸಿಕೊಳ್ಳಲು ಡಾಕ್ಟರ ಹಿಂದೆ ಹೋದರು.

ಸಂಜೆ ಐದಕ್ಕೆ ಸಾಬರು ಕಣ್ಣು ಬಿಟ್ಟರು. ಸುತ್ತ ನೋಡಿ, "ಮೌನೇಶ್ವರಿ, ಚಹಾ ಎಲ್ಲವ್ವಾ?" ಎಂದರು. ತಂಗಿಯ ಹೆಸರಲ್ಲ, ಅವಳದೇ ಹೆಸರು. ದಿಲ್ಶಾದ್ ಹಸಿರು ಬಟ್ಟೆಯ ಕತ್ತರಿಸಿದ ತುದಿಗಳನ್ನು ಗಂಟು ಹಾಕಿಕೊಂಡು ಗಂಡನ ಬಲತೋಳಿನ ತನಕ ತಂದರು. ಅಲ್ಲಿಗೆ ಕೈ ನಿಂತಿತು. ತಿರುಗಿ ಮೌನೇಶ್ವರಿಯನ್ನು ನೋಡಿದರು.

"ಯಾವ ಕೈಗಿ ಕಟ್ಟಲಿ?"

"ಎಡಕ್ಕ ಕಟ್ರಿ ಅಮ್ಮಾ," ಎಂದಳು ಮೌನೇಶ್ವರಿ, ಪಟ್ಟಿ ಬಿಡಿಸುತ್ತ. "ಬಲ ನನಗ ಬೇಕು."